ಸದ್ದಿಲ್ಲದ ಗಣಕಯಂತ್ರ

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೂ ಗಣಕಯಂತ್ರದ ಬಿಡಿಭಾಗಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧ ಒದಗಿದ್ದು ಹೀಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕನ್ನಡ ಎಂ.ಎ. ಪರೀಕ್ಷೆಗೆ ಓದುತ್ತಿದ್ದ. ಆತನಿಗೆ ಕಣ್ಣು ಕಾಣದು. ಹಳಗನ್ನಡದ ಪಠ್ಯಗಳು ಬ್ರೈಲ್ ಲಿಪಿಯಲ್ಲಿ ಆತನಿಗೆ ದೊರೆತಿರಲಿಲ್ಲ. ಅವನ್ನು ಗಟ್ಟಿಯಾಗಿ ಓದಿ, ಮನೆಯ ಗಣಕಯಂತ್ರದಲ್ಲಿ ಧ್ವನಿಮುದ್ರಿಸಿ ಕಳುಹಿಸುವುದಾಗಿ ನಾನು ಒಪ್ಪಿಕೊಂಡೆ. ಎರಡು ಕಂತು ಕಳುಹಿಸಿದ ಮೇಲೆ ಆತ ಫೋನ್ ಮಾಡಿದ: “ಸಾರ್, ತಪ್ಪು ತಿಳಿಯಬೇಡಿ. ನಿಮ್ಮ ದನಿಯ ಹಿಂದೆ ಏನೋ ಮೊರೆಯುತ್ತಿದೆ. ಕೆಲವು ಕಡೆ ಅಲ್ಪಪ್ರಾಣವೋ ಮಹಾಪ್ರಾಣವೋ ತಿಳಿಯುವುದೇ ಇಲ್ಲ.”

ಮೊರೆಯುತ್ತಿದ್ದುದು ನನ್ನ ಗಣಕಯಂತ್ರದ ಫ್ಯಾನು. ಸದ್ದನ್ನು ಸೋಸುವ ತಂತ್ರಾಂಶಗಳಿವೆ, ನಿಜ. ಅವನ್ನೂ ಬಳಸಿ ನೋಡಿದೆ. ಆದರೆ ಮಹಾಪ್ರಾಣವೆಂಬುದು ವ್ಯಂಜನದ ಬೆನ್ನಿಗೆ ಹೊರಡುವ ಒಂದಿಷ್ಟು ಉಸಿರು, ಫ್ಯಾನಿನ ಸದ್ದೂ ಬಹುಮಟ್ಟಿಗೆ ಗಾಳಿಯ ಸದ್ದೇ. ಒಂದನ್ನು ಅಳಿಸಹೊರಟ ತಂತ್ರಾಂಶ ಇನ್ನೊಂದನ್ನೂ ಒಂದಿಷ್ಟು ಅಳಿಸಿಬಿಡುತ್ತದೆ. ಶ, ಸ, ಹ ಕಾರಗಳಿಗೂ ಅದೇ ಗತಿ. ಕಣ್ಣಿನಿಂದ ಓದುವವನಿಗೆ ‘ದನ’ ಯಾವುದು ‘ಧನ’ ಯಾವುದು ಎಂಬುದಕ್ಕೆ ಅಚ್ಚಿನ ಅಕ್ಷರ ಸಾಕ್ಷಿ. ಕಿವಿಯಿಂದ ಓದುವವನಿಗೆ ನನ್ನ ಉಸಿರೊಂದೇ ಸಾಕ್ಷಿ. ಆದ್ದರಿಂದ ಸದ್ದನ್ನು ಮುದ್ರಣವಾದ ಮೇಲೆ ತೆಗೆಯುವುದಲ್ಲ, ಹುಟ್ಟದಂತೆ ನೋಡಿಕೊಳ್ಳಬೇಕಾಗಿತ್ತು.

ಮೊದಲು ನಾನು ಮಾಡಿದ್ದು ಬುದ್ಧಿವಂತರು ಮಾಡುವ ಕೆಲಸವಲ್ಲ. ಬಡಗಿಯನ್ನು ಕರೆಸಿ ಮರದ ಗೂಡೊಂದನ್ನು ಮಾಡಿಸಿ, ಒಳಗೆಲ್ಲ ಸ್ಪಂಜು ಅಂಟಿಸಿ, ಯಂತ್ರವನ್ನು ಅದರೊಳಗೆ ಕೂರಿಸಿದೆ. ಕಾಲು ಗಂಟೆ ಪರಮಶಾಂತಿ. ಅರ್ಧ ಗಂಟೆಯ ಹೊತ್ತಿಗೆ ಒಳಗಿನ ಫ್ಯಾನು ಮೊದಲಿಗಿಂತ ಜೋರಾಗಿ ಕಿರಿಚತೊಡಗಿತು. ಆಗ ನೆನಪಾದವನು ಸ್ಕಾಟಿಷ್ ಗದ್ಯಲೇಖಕ ಥಾಮಸ್ ಕಾರ್ಲೈಲ್. ನೆರೆಮನೆಯ ಕೋಳಿಗಳ ಕೂಗು, ಪಿಯಾನೊ ವಾದನಗಳಿಂದ ಬೇಸತ್ತ ಆತ 1853ರಲ್ಲಿ ಲಂಡನ್ನಿನ ಚೆಲ್ಸಿಯ ತನ್ನ ಮನೆಯ ಮಾಳಿಗೆಯ ಮೇಲೆ ಸದ್ದು ಹೊಗದ ಓದುಕೋಣೆಯೊಂದನ್ನು ಕಟ್ಟಿಸಿದ. ಜೋಡಿ ಗೋಡೆ ಎಬ್ಬಿಸಿ, ಬೆಳಕನ್ನು ಮೇಲಿನಿಂದ ಬರಮಾಡಿಕೊಂಡರೂ ಆತ ಬಯಸಿದ ನಿಶ್ಶಬ್ದ ಅಲ್ಲಿ ದೊರೆಯಲಿಲ್ಲ. ಕಾರ್ಲೈಲನಿಗೆ ಬೇರೆ ದಾರಿಯಿರಲಿಲ್ಲ, ಕೋಳಿಗಳು ಆತನವಲ್ಲ. ನನ್ನ ಕೋಳಿ ನನ್ನದೇ ಆಗಿತ್ತು.

ಹಾಗಾದರೆ ಸದ್ದು ಹುಟ್ಟುವುದೆಲ್ಲಿ? ಗಣಕಯಂತ್ರ ನೀರನ್ನು ಮೇಲೆತ್ತುವುದಿಲ್ಲ, ಹಿಟ್ಟು ಬೀಸುವುದಿಲ್ಲ; ಅದು ಕುಡಿದ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖವಾಗುತ್ತದೆ. ಆ ಶಾಖವನ್ನು ಹೊರಗಟ್ಟಲು ಗಾಳಿ ಬೇಕು, ಗಾಳಿ ಬೀಸಲು ಫ್ಯಾನು ಬೇಕು, ಫ್ಯಾನು ತಿರುಗಿದರೆ ಸದ್ದು. ಅಂಗಡಿಯವರು ಫ್ಯಾನಿನಿಂದ ಮಾತು ಆರಂಭಿಸುತ್ತಾರೆ. ನಾವು ಶಾಖದಿಂದ ಆರಂಭಿಸಬೇಕು. ಸದ್ದು ಮಾಡದ ಫ್ಯಾನನ್ನು ಹುಡುಕುವುದಕ್ಕಿಂತ, ಫ್ಯಾನಿಗೆ ಕೆಲಸವೇ ಇಲ್ಲದಂತಹ ಭಾಗಗಳನ್ನು ಆರಿಸುವುದು ಮೇಲು.

ಮೊದಲನೆಯದು ಪ್ರೊಸೆಸರ್. ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ಲೆಕ್ಕವನ್ನು ನಂಬಿ ಮೋಸ ಹೋಗಬಾರದು. ಇಂಟೆಲ್ ಸಂಸ್ಥೆ 2022ರ ಆರಂಭದಲ್ಲಿ ಹೊರತಂದ ಐ-5 12400, ಐ-9 12900 ಎಂಬೆರಡು ಪ್ರೊಸೆಸರುಗಳನ್ನು ನೋಡಿ. ಎರಡರ ಮೂಲ ಲೆಕ್ಕವೂ 65 ವ್ಯಾಟ್ ಎಂದೇ ಇದೆ. ಆದರೆ ಕೆಲಸದ ಭರಾಟೆಯಲ್ಲಿ ಮೊದಲನೆಯದು 117 ವ್ಯಾಟ್‌ವರೆಗೆ ಏರಿದರೆ ಎರಡನೆಯದು 202 ವ್ಯಾಟ್‌ವರೆಗೆ ಏರಬಲ್ಲದು. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಮೂಲ ವ್ಯಾಟ್ ಎಷ್ಟು’ ಎಂಬುದಲ್ಲ, ‘ಗರಿಷ್ಠ ಎಷ್ಟು’ ಎಂಬುದು. ಲೇಖನ ಬರೆಯುವುದು, ಪುಸ್ತಕದ ಪುಟಗಳನ್ನು ತೆರೆದು ಓದುವುದು, ಒಂದು ದನಿಯನ್ನು ಮುದ್ರಿಸುವುದು ಇವಿಷ್ಟಕ್ಕೆ ಸಾಧಾರಣ ದರ್ಜೆಯ ಪ್ರೊಸೆಸರ್ ಧಾರಾಳವಾಗಿ ಸಾಕು. 35 ವ್ಯಾಟ್ ಮೂಲ ಲೆಕ್ಕದವೂ ದೊರೆಯುತ್ತವೆ. ಇಂಟೆಲ್ ಅಂಥವುಗಳ ಹೆಸರಿನ ಕೊನೆಗೆ ‘ಟಿ’ ಎಂಬ ಅಕ್ಷರವನ್ನೂ, ಎಎಂಡಿ ಸಂಸ್ಥೆ ‘ಜಿಇ’ ಎಂಬುದನ್ನೂ ಸೇರಿಸಿರುವುದುಂಟು. ಕೊಂಡ ಮೇಲೂ ಅನೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರ್ ಕುಡಿಯುವ ವ್ಯಾಟಿಗೆ ಮೇಲ್ಮಿತಿ ಹಾಕಬಹುದು.

ಇಲ್ಲಿ ಇನ್ನೊಂದು ಅಕ್ಷರದ ವಿಷಯ ಹೇಳಬೇಕು. ಇಂಟೆಲ್‌ನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಆ ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಅಂಗವಿರುವುದಿಲ್ಲ. ಬೆಲೆ ಕೊಂಚ ಕಡಿಮೆಯೆಂದು ಅದನ್ನು ಕೊಂಡರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳಲೇಬೇಕಾಗುತ್ತದೆ. ಸಾಮಾನ್ಯವಾಗಿ ಪೆಟ್ಟಿಗೆಯೊಳಗೆ ಅತಿ ಹೆಚ್ಚು ಗದ್ದಲ ಮಾಡುವುದು ಆ ಕಾರ್ಡಿನ ಫ್ಯಾನುಗಳೇ. 2022ರಲ್ಲಿ ಬಂದ ಎನ್‌ವಿಡಿಯಾದ 4090 ಎಂಬ ಕಾರ್ಡಿನ ಲೆಕ್ಕ 450 ವ್ಯಾಟ್. ಆಟವಾಡುವ ಮಕ್ಕಳಿಗೆ ಅದು ಬೇಕೇನೋ. ನಿಮಗೂ ನನಗೂ ಬೇಡ. ನನ್ನ ಹಳೆಯ ಯಂತ್ರದಲ್ಲಿ ಅಂಥದೊಂದು ಕಾರ್ಡು, ಅಷ್ಟು ದೊಡ್ಡದಲ್ಲ, ಯಾವ ಪ್ರಯೋಜನವೂ ಇಲ್ಲದೆ ಆರು ವರ್ಷ ತಿರುಗುತ್ತಿತ್ತು. ಮಾರಿದವರು ‘ಇರಲಿ ಸಾರ್, ಮುಂದಕ್ಕಾಗುತ್ತೆ’ ಎಂದಿದ್ದರು.

ಎರಡನೆಯದು ಸಂಗ್ರಹ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ದೀರ್ಘ ವಂಶಾವಳಿಯಿದೆ. 1956ರಲ್ಲಿ ಐಬಿಎಂ ತಂದ ಮೊದಲನೆಯದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ಮನೆಯ ಯಂತ್ರಗಳಿಗೆ ಬಂದವು 5400 ಇಲ್ಲವೆ 7200 ಸುತ್ತಿನವು. 7200 ಎಂದರೆ ಸೆಕೆಂಡಿಗೆ 120. ಅದೇ ಸ್ಥಾಯಿಯಲ್ಲಿ ಒಂದು ಗುಂಯ್‌ಗಾರ ಹೊರಡುತ್ತದೆ. ತಂಬೂರಿಯ ತಂತಿಯ ಕಂಪನ ಬುರುಡೆಗೆ ಹಾಯ್ದು ಹೇಗೆ ದೊಡ್ಡದಾಗುತ್ತದೆಯೋ ಹಾಗೆ ಡಿಸ್ಕಿನ ನಡುಕ ತಗಡಿನ ಕ್ಯಾಬಿನೆಟ್ಟಿಗೂ ಅಲ್ಲಿಂದ ಮೇಜಿಗೂ ಹಾಯ್ದು ಬೆಳೆಯುತ್ತದೆ. ಇದಕ್ಕೆ ಈಗ ಸುಲಭ ಪರಿಹಾರವಿದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ, ಅದನ್ನೇ ಹಾಕಿಸಿ. ಹಳೆಯ ಡಿಸ್ಕು ಬೇಕೇ ಬೇಕೆಂದಿದ್ದರೆ ಹೊರಗಿಟ್ಟುಕೊಂಡು ಬೇಕಾದಾಗ ಮಾತ್ರ ಜೋಡಿಸಿದರಾಯಿತು.

ಮೂರನೆಯದು ಅಂಗಡಿಯವರು ಎಸ್‌ಎಂಪಿಎಸ್ ಎನ್ನುವ ವಿದ್ಯುತ್ ಪೆಟ್ಟಿಗೆ. ಅಗ್ಗದ ಕ್ಯಾಬಿನೆಟ್ಟಿನ ಜೊತೆಗೆ ಬಿಟ್ಟಿಯಾಗಿ ಬರುವ ಎಸ್‌ಎಂಪಿಎಸ್ ಅನೇಕ ಮನೆಗಳಲ್ಲಿ ಸದ್ದಿನ ಗುಪ್ತ ಮೂಲ. ಯಂತ್ರಕ್ಕೆ 100 ವ್ಯಾಟ್ ಬೇಕೆನ್ನಿ. ಶೇ. 80ರ ದಕ್ಷತೆಯ ಪೆಟ್ಟಿಗೆ ಗೋಡೆಯಿಂದ 125 ವ್ಯಾಟ್ ಎಳೆದು 25 ವ್ಯಾಟನ್ನು ತನ್ನೊಳಗೇ ಶಾಖವಾಗಿಸಿಕೊಳ್ಳುತ್ತದೆ. ಶೇ. 90ರದಾದರೆ ಆ ನಷ್ಟ ಸುಮಾರು 11 ವ್ಯಾಟ್. 2004ರಲ್ಲಿ ಆರಂಭವಾದ ‘80 ಪ್ಲಸ್’ ಎಂಬ ಪ್ರಮಾಣಪತ್ರದ ಮುದ್ರೆ ಈ ದಕ್ಷತೆಯನ್ನು ಸೂಚಿಸುತ್ತದೆ. ಅದರಲ್ಲಿ ‘ಗೋಲ್ಡ್’ ದರ್ಜೆಯದನ್ನು ಕೊಳ್ಳಿ. ಹೊರೆ ಕಡಿಮೆಯಿದ್ದಾಗ ಫ್ಯಾನನ್ನು ಪೂರ್ತಿ ನಿಲ್ಲಿಸುವ ಬಗೆಯವೂ ಸಿಗುತ್ತವೆ. ಒಟ್ಟು ಖರ್ಚಿನಲ್ಲಿ ನಾನು ಮನಸ್ಸು ಬಿಚ್ಚಿ ಹಣ ಕೊಟ್ಟದ್ದು ಇದಕ್ಕೆ ಮಾತ್ರ.

ಇಷ್ಟಾದ ಮೇಲೆ ಫ್ಯಾನಿನ ಮಾತು. ಸದ್ದನ್ನಳೆಯುವ ಡೆಸಿಬೆಲ್ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಸುಮಾರು ಎರಡು ಪಟ್ಟೆನಿಸುತ್ತದೆ. ಒಂದು ಫ್ಯಾನಿನ ಪಕ್ಕದಲ್ಲಿ ಅಂಥದೇ ಇನ್ನೊಂದನ್ನಿಟ್ಟರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಆದರೆ ಒಂದು ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಎಂದರೆ, ಅರ್ಧ ವೇಗದ ಎರಡು ಫ್ಯಾನುಗಳು ಪೂರ್ಣ ವೇಗದ ಒಂದರಷ್ಟೇ ಗಾಳಿಯನ್ನು ಸಾಗಿಸಿಯೂ ಅದಕ್ಕಿಂತ ಸುಮಾರು 12 ಡೆಸಿಬೆಲ್ ಮೆಲ್ಲಗಿರುತ್ತವೆ. ದೊಡ್ಡ ಫ್ಯಾನು ಮೇಲೆನ್ನುವುದೂ ಇದಕ್ಕೇ. 120 ಮಿಲಿಮೀಟರಿನದು 80 ಮಿಲಿಮೀಟರಿನದಕ್ಕಿಂತ ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟು ದೊಡ್ಡದು. ನಿಧಾನವಾಗಿ ತಿರುಗಿಯೇ ಕೆಲಸ ಮುಗಿಸುತ್ತದೆ. ಪ್ರೊಸೆಸರಿನ ತಲೆಯ ಮೇಲೆ ಕೂರುವ ಲೋಹದ ಗೋಪುರಕ್ಕೂ ಇದೇ ನ್ಯಾಯ. ಅದರ ತಾಮ್ರದ ಕೊಳವೆಗಳೊಳಗೆ ತುಸು ದ್ರವ ಕಾದು ಆವಿಯಾಗಿ, ತಂಪಾದ ತುದಿಯಲ್ಲಿ ಮತ್ತೆ ದ್ರವವಾಗಿ ಇಳಿಯುತ್ತದೆ. ಗೋಪುರ ದೊಡ್ಡದಾದಷ್ಟೂ ಗಾಳಿಯ ಹಂಗು ಕಡಿಮೆ.

ಕಿವಿಯ ಸ್ವಭಾವವನ್ನೂ ಮರೆಯಬಾರದು. ಒಂದೇ ಸಮನಾದ ಮೆಲುಸದ್ದಿಗೆ ಅದು ಒಗ್ಗಿಕೊಳ್ಳುತ್ತದೆ. ಏರುತ್ತ ಇಳಿಯುತ್ತ ಇರುವ ಸದ್ದು ಪ್ರತಿ ಬಾರಿಯೂ ಎಚ್ಚರಿಸುತ್ತದೆ. ಕ್ಷಣಮಾತ್ರದ ಬಿಸಿಗೆ ಬೆದರಿ ಫ್ಯಾನು ಓಡದಂತೆ ಮದರ್‌ಬೋರ್ಡಿನಲ್ಲೇ ಅದರ ವೇಗವನ್ನು ಹೊಂದಿಸಿಡುವುದು ಅಗತ್ಯ. ಇದಕ್ಕೆ ಕಾಸು ಖರ್ಚಿಲ್ಲ, ಆದರೂ ಬಹಳ ಜನ ಮಾಡುವುದಿಲ್ಲ.

ಕ್ಯಾಬಿನೆಟ್ಟಿನ ವಿಷಯದಲ್ಲಿ ನನ್ನ ಮರದ ಗೂಡಿನ ಪಾಠ ಸಾಕು. ಒಳಗೆ ಮೆತ್ತೆ ಹಾಕಿ, ಮುಂಬಾಗಿಲು ಮುಚ್ಚಿದ ‘ನಿಶ್ಶಬ್ದ’ ಕ್ಯಾಬಿನೆಟ್ಟುಗಳು ಬೇಸಿಗೆಯಲ್ಲಿ ಬಿಸಿಯನ್ನು ಒಳಗೇ ಹಿಡಿದಿಟ್ಟು ಫ್ಯಾನನ್ನು ಓಡಿಸುತ್ತವೆ. ಮುಂದೆ ಜಾಲರಿಯಿದ್ದು ಗಾಳಿ ಸರಾಗವಾಗಿ ಆಡುವಂಥದೇ ನಮ್ಮ ಹವೆಗೆ ಒಳ್ಳೆಯದು. ತಂಪು ನಾಡಿನ ಪರೀಕ್ಷಕರು 22 ಡಿಗ್ರಿಯ ಕೋಣೆಯಲ್ಲಿ ಅಳೆದು ಹೊಗಳಿದ ಯಂತ್ರ ರಾಯಚೂರಿನ 38 ಡಿಗ್ರಿಯಲ್ಲಿ ಹಾಗೆಯೇ ನಡೆದುಕೊಳ್ಳಲಾರದು. ಪ್ರೊಸೆಸರ್ 75 ಡಿಗ್ರಿಯೊಳಗಿರಬೇಕೆಂದರೆ ಅಲ್ಲಿ 53 ಡಿಗ್ರಿಯ ಅಂತರ, ಇಲ್ಲಿ 37ರದು ಮಾತ್ರ. ಕೊರತೆಯನ್ನು ಗಾಳಿಯೇ ತುಂಬಬೇಕು. ಜಾಲರಿಯ ಧೂಳನ್ನಂತೂ ತಿಂಗಳಿಗೊಮ್ಮೆ ಕೊಡವಲೇಬೇಕು.

ಹೊಸ ಯಂತ್ರ ಜೋಡಿಸಿ ಮೊದಲ ಸಲ ಚಾಲೂ ಮಾಡಿದಾಗ ಅದು ನಡೆಯುತ್ತಿದೆಯೇ ಎಂದು ದೀಪ ನೋಡಿ ತಿಳಿಯಬೇಕಾಯಿತು. ಆ ಮೇಲೆ, ಈವರೆಗೆ ಅಡಗಿದ್ದ ಸದ್ದುಗಳು ಒಂದೊಂದಾಗಿ ಹೊರಬಂದವು: ಗೋಡೆಯ ಗಡಿಯಾರ, ಅಡುಗೆಮನೆಯ ಫ್ರಿಜ್, ತಲೆಯ ಮೇಲಿನ ಫ್ಯಾನು. ಗಡಿಯಾರವನ್ನು ಪಕ್ಕದ ಕೋಣೆಗೆ ಸಾಗಿಸಿದ್ದಾಯಿತು. ತಲೆಯ ಮೇಲಿನ ಫ್ಯಾನನ್ನು ಓದುವಾಗ ನಿಲ್ಲಿಸುತ್ತೇನೆ. ಏಪ್ರಿಲಿನಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾಗದು. ಮೊದಲಿನ ಎರಡು ಕಂತುಗಳನ್ನೂ ಮತ್ತೆ ಓದಿ ಕಳುಹಿಸಿದೆ. ಹುಡುಗ ಅವನ್ನು ಕೇಳಿ ಎರಡು ಕಡೆ ನಾನೇ ಅಲ್ಪಪ್ರಾಣ ಮಾಡಿ ಓದಿದ್ದೇನೆಂದು ತೋರಿಸಿಕೊಟ್ಟ. ಪುಸ್ತಕ ತೆರೆದು ನೋಡಿದೆ. ಆತ ಹೇಳಿದ್ದು ಸರಿಯಾಗಿತ್ತು.