ನಾಲ್ಕೂ ದಾನ ಒಂದೇ ಮಗುವಿಗೆ: ಅಂಗನವಾಡಿಯ ಜೊತೆ ನಮ್ಮ ಸಮಾಜ ಏನು ಮಾಡಬಹುದು?



ಮಹಾವೀರ ಜಯಂತಿ ಬಂದರೆ, ಮನೆಯಲ್ಲಿ ಮಗುವಿನ ಹುಟ್ಟುಹಬ್ಬ ಬಂದರೆ ಆಸ್ಪತ್ರೆಗೆ ಹೋಗಿ ಹಾಲು, ಹಣ್ಣು, ಬ್ರೆಡ್ಡು ಹಂಚುವುದು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ನಮ್ಮವರ ರೂಢಿ. ಒಳ್ಳೆಯ ರೂಢಿಯೇ. ಆದರೆ ಚಿಕ್ಕ ಮಗುವಿನ ಬೆಳವಣಿಗೆ ಒಂದು ದಿನದ ಹಣ್ಣಿನಿಂದ ಆಗುವಂಥದ್ದಲ್ಲ. ಅದಕ್ಕೆ ವರ್ಷಪೂರ್ತಿ ಜೊತೆಗಿರುವವರು ಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಲ್ಲಿ ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ ಇದೆ. ಗರ್ಭ ನಿಂತ ದಿನದಿಂದ ಎರಡು ವರ್ಷ ತುಂಬುವವರೆಗಿನ ಸುಮಾರು ಸಾವಿರ ದಿನಗಳಲ್ಲಿ ಆದ ಕೊರತೆಯನ್ನು ಆಮೇಲೆ ತುಂಬುವುದು ಬಹಳ ಕಷ್ಟ. ಮೆದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ.

ವ್ಯವಸ್ಥೆ ಈಗಾಗಲೇ ಇದೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮಳವಳ್ಳಿಯ ಪಕ್ಕದ ತಾಲ್ಲೂಕಾದ ತಿ. ನರಸೀಪುರವನ್ನು. ಇಂದು ಊರೂರಿನಲ್ಲಿರುವ ಅಂಗನವಾಡಿ ಆ ಯೋಜನೆಯದೇ. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ತಿಳಿವಳಿಕೆ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು ಎಂಬ ಆರು ಸೇವೆಗಳು ಅಲ್ಲಿವೆ. 2013ರಿಂದ ಕ್ಷೀರಭಾಗ್ಯದ ಹಾಲು, 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಬಿಸಿಯೂಟವೂ ಸೇರಿವೆ. ಹಾಗಾಗಿ ನಾವು ಹೊಸದೊಂದು ಟ್ರಸ್ಟ್ ಕಟ್ಟಬೇಕಾಗಿಲ್ಲ. ಇರುವ ವ್ಯವಸ್ಥೆ ಮಗುವನ್ನು ಮುಟ್ಟುವ ಹಾದಿಯಲ್ಲಿ ಎಲ್ಲಿ ಕೊಂಡಿ ತಪ್ಪಿದೆಯೋ ಅಲ್ಲಿ ಕೈಜೋಡಿಸಿದರೆ ಸಾಕು.

ಆಹಾರ, ಔಷಧ, ಶಾಸ್ತ್ರ, ಅಭಯ

ನಮ್ಮ ಹಿರಿಯರು ಹೇಳಿದ ಈ ನಾಲ್ಕು ದಾನಗಳನ್ನು ಇಲ್ಲಿಗೆ ಹೊಂದಿಸಿ ನೋಡೋಣ.

ಆಹಾರದಾನ: ಹೊಯ್ಸಳರ ಕಾಲದ ಎಷ್ಟೋ ಬಸದಿ ಶಾಸನಗಳಲ್ಲಿ ಆಹಾರದಾನಕ್ಕೆಂದು ಭೂಮಿ ಬಿಟ್ಟ ಮಾತು ಬರುತ್ತದೆ. ಭೂಮಿ ಬಿಟ್ಟದ್ದು ದಾನ ನಿಲ್ಲದೆ ನಡೆಯಲಿ ಎಂದು. ನಾವೂ ಹಾಗೆಯೇ ಯೋಚಿಸಬೇಕು. ಹತ್ತು ಅಂಗನವಾಡಿಗೆ ಒಂದು ದಿನ ಬಿಸ್ಕತ್ತು ಕೊಡುವ ಬದಲು ಒಂದೇ ಅಂಗನವಾಡಿಗೆ ವರ್ಷವಿಡೀ ಕಡಲೆ, ಹೆಸರುಕಾಳು, ಶೇಂಗಾ ಚಿಕ್ಕಿ ಕೊಡುವುದು ಮೇಲು.

ಔಷಧದಾನ: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಆದರೆ ಪರೀಕ್ಷೆಯಲ್ಲಿ ಕಿವಿಯ ದೋಷವೋ ಹೃದಯದ ದೋಷವೋ ಕಂಡರೆ ಹಳ್ಳಿಯ ತಾಯಿ ಒಂದು ದಿನದ ಕೂಲಿ ಬಿಟ್ಟು ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕು. ಎಷ್ಟೋ ಮಕ್ಕಳು ಹಿಂದೆ ಬೀಳುವುದು ಅಲ್ಲೇ. ಬಸ್ ಚಾರ್ಜು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ಜೊತೆಗೊಬ್ಬರು, ಮುಂದಿನ ತಾರೀಖು ನೆನಪಿಸುವ ಒಂದು ಫೋನು ಇಷ್ಟಿದ್ದರೆ ಆ ಮಗುವಿಗೆ ಚಿಕಿತ್ಸೆ ಸಿಗುತ್ತದೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ತಾಯಿಯೂ ಸುಮಾರು ಎರಡು ವಾರ ಅಲ್ಲೇ ಇರಬೇಕಾಗುತ್ತದೆ. ಮನೆಯಲ್ಲಿ ಉಳಿದ ಮಕ್ಕಳಿಗೆ ಯಾರು ಅನ್ನ ಮಾಡಿ ಹಾಕುತ್ತಾರೆ ಎಂಬ ಚಿಂತೆಯಿಂದಲೇ ಹಲವರು ಹಿಂಜರಿಯುತ್ತಾರೆ. ಆ ಎರಡು ವಾರ ಆ ಮನೆಯ ಊಟ ನೋಡಿಕೊಳ್ಳುವುದೂ ಔಷಧದಾನವೇ.

ಶಾಸ್ತ್ರದಾನ: ಮೂರು ವರ್ಷದ ಮಗುವಿಗೆ ಶಾಸ್ತ್ರವೆಂದರೆ ಕತೆ, ಹಾಡು, ಚಿತ್ರದ ಪುಸ್ತಕ, ಮರದ ಆಟಿಕೆ. ನಮ್ಮ ಮಹಿಳಾ ಮಂಡಲದವರು ವಾರಕ್ಕೆ ಒಂದು ಗಂಟೆ ಹೋಗಿ ಕತೆ ಹೇಳಿದರೆ ಅಂಗನವಾಡಿ ಟೀಚರಿಗೂ ಸಹಾಯ.

ಅಭಯದಾನ: ಸಂಪಿಗೆ ಮುಚ್ಚಳ, ಗೇಟಿಗೆ ಚಿಲಕ, ಕುಡಿಯಲು ಶುದ್ಧ ನೀರು ಇವೆಲ್ಲ ಅಭಯವೇ. ಇದಕ್ಕಿಂತ ದೊಡ್ಡದು ಹುಟ್ಟುವ ಅಭಯ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. 1994ರ ಕಾನೂನಿನಂತೆ ಅದು ಅಪರಾಧ. ಜೀವದಯೆಯ ಮಾತಾಡುವ ನಾವು ಈ ವಿಷಯದಲ್ಲಿ ಸುಮ್ಮನಿರಬಾರದು.

ವ್ಯಾಪಾರಿಗೆ ಗೊತ್ತಿರುವ ದಾರಿ

ನಮ್ಮ ಜಿಲ್ಲೆಯಲ್ಲಿ ಕಬ್ಬು ಕಡಿಯಲು, ಆಲೆಮನೆಯಲ್ಲಿ ದುಡಿಯಲು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಕುಟುಂಬಗಳು ಬರುತ್ತವೆ. ಗುಡಾರದಲ್ಲಿರುವ ಆ ಮಕ್ಕಳು ಊರಿನ ಅಂಗನವಾಡಿಯ ಪಟ್ಟಿಯಿಂದ ಸುಲಭವಾಗಿ ಬಿಟ್ಟುಹೋಗುತ್ತವೆ. ಅಂಗನವಾಡಿಯ ಸೇವೆ ಮಗು ಯಾವ ಊರಿನದು ಎಂದು ನೋಡಿ ಕೊಡುವಂಥದ್ದಲ್ಲ, ಎಲ್ಲ ಮಕ್ಕಳಿಗೂ ಸಲ್ಲಬೇಕಾದದ್ದು. ಯಾವ ಆಲೆಮನೆಯಲ್ಲಿ ಎಷ್ಟು ಸಂಸಾರ ಬಂದಿದೆ ಎಂಬುದು ಬೆಲ್ಲದ ಮಂಡಿಯವರಿಗೆ, ಕಿರಾಣಿ ಅಂಗಡಿಯವರಿಗೆ ಬೇಗ ತಿಳಿಯುತ್ತದೆ. ಅದನ್ನು ಆ ಊರಿನ ಅಂಗನವಾಡಿ ಟೀಚರಿಗೆ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಖರ್ಚಿಲ್ಲದೆ ದೊಡ್ಡ ಕೆಲಸವಾಗುತ್ತದೆ. ನಮ್ಮಲ್ಲಿ ಅನೇಕರ ಮನೆಮಾತು ಮಾರವಾಡಿ, ಹಿಂದಿ. ಉತ್ತರದಿಂದ ಬಂದ ತಾಯಿಗೆ ಚುಚ್ಚುಮದ್ದಿನ ದಿನ, ತಾಯಿ ಕಾರ್ಡಿನ ವಿಷಯ ಬಿಡಿಸಿ ಹೇಳಲು ನಮ್ಮ ಹೆಣ್ಣುಮಕ್ಕಳಿಗಿಂತ ಯಾರು ಬೇಕು?

ಮೊಟ್ಟೆಯ ಮಾತು

ಅಂಗನವಾಡಿಯಲ್ಲಿ ಮೊಟ್ಟೆ ಕೊಡುತ್ತಾರಲ್ಲ, ನಾವು ಹೇಗೆ ಹೋಗುವುದು ಎಂದು ಕೇಳುವವರಿದ್ದಾರೆ. 2021ರಲ್ಲಿ ಶಾಲೆಯ ಮೊಟ್ಟೆಯ ಬಗ್ಗೆ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ಆಯಿತು. ನನ್ನ ಅಭಿಪ್ರಾಯ ಇಷ್ಟು. ನಮ್ಮ ಕೈಯಿಂದ ಕೊಡುವುದು ನಮ್ಮ ವ್ರತಕ್ಕೆ ಒಪ್ಪುವಂಥದ್ದೇ ಆಗಿರಲಿ. ಬೇರೆ ಮನೆಯ ಮಗು ತನ್ನ ಮನೆಯ ರೂಢಿಯಂತೆ ತಿನ್ನುವುದನ್ನು ತಪ್ಪಿಸಲು ನಾವು ಹೋಗಬಾರದು, ನಮ್ಮ ಸಹಾಯಕ್ಕೆ ಅದನ್ನು ಷರತ್ತು ಮಾಡಬಾರದು. ಅನೇಕಾಂತವನ್ನು ಒಪ್ಪಿದವರಿಗೆ ಇದು ಕಷ್ಟವಾಗಬಾರದು. ಈ ಕಾರಣಕ್ಕೆ ನಾವು ದೂರ ನಿಂತರೆ ನಷ್ಟ ಮಗುವಿಗೇ.

ಎಚ್ಚರ ಬೇಕಾದ ಕಡೆ

ಡಬ್ಬಿಯ ಶಿಶು ಹಾಲಿನ ಪುಡಿ, ಹಾಲಿನ ಬಾಟಲಿ ದಾನ ಮಾಡಬೇಡಿ. 1992ರ ಕಾಯ್ದೆಯಂತೆ ಅನಾಥಾಲಯ ಬಿಟ್ಟು ಬೇರೆಯವರಿಗೆ ಅವನ್ನು ದಾನ ಕೊಡುವಂತಿಲ್ಲ. ತಾಯಿಯ ಹಾಲು ನಿಂತುಹೋಗಬಾರದು ಎಂಬುದೇ ಅದರ ಉದ್ದೇಶ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ. ಜೇನು, ಸಕ್ಕರೆ ನೀರು, ಜನ್ಮಘುಟ್ಟಿ ಬೇಡ.

ನಮ್ಮ ಮನೆಗಳಿಗೂ ಒಂದು ಮಾತು. ಗರ್ಭಿಣಿ, ಬಾಣಂತಿಯರು ಚಾತುರ್ಮಾಸದಲ್ಲಿ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ತಪಸ್ಸು ಶಕ್ತಿಗೆ ತಕ್ಕಷ್ಟೇ ಎಂದು ಷೋಡಶಕಾರಣ ಭಾವನೆಗಳಲ್ಲೇ ಹೇಳಿದೆ. ಶುದ್ಧ ಸಸ್ಯಾಹಾರಿಗಳಿಗೆ ಬಿ12 ಕೊರತೆ ಬರುವುದುಂಟು. ಅದನ್ನೂ ವೈದ್ಯರ ಬಳಿ ಕೇಳಿಕೊಳ್ಳಬೇಕು.

ಹೇಗೆ ಶುರು ಮಾಡುವುದು

ಮೊದಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರನ್ನು ಕಂಡು ಒಂದು ಅಂಗನವಾಡಿಯನ್ನು ಕೇಳಿಕೊಳ್ಳಿ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇರುತ್ತದೆ. ಅವರ ಸಭೆಯಲ್ಲಿ ಕುಳಿತು ಏನು ಬೇಕು ಎಂದು ಕೇಳಿ, ಆಮೇಲೆ ಕೊಡಿ. ತಿಂಗಳಿಗೊಮ್ಮೆ ತೂಕ, ಎತ್ತರ ನೋಡುವ ದಿನ ಒಬ್ಬರಾದರೂ ಹೋಗಿ. ಯಾವ ಮಗುವಿನ ತೂಕ ಏರಿಲ್ಲ ಎಂದು ಟೀಚರನ್ನು ಕೇಳಿ. ಮಕ್ಕಳ ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಬೇಡ.

ಶ್ರವಣಬೆಳಗೊಳದಲ್ಲಿ 2006ರ ಮಹಾಮಸ್ತಕಾಭಿಷೇಕದ ನೆನಪಿಗೆ ಮಕ್ಕಳ ಆಸ್ಪತ್ರೆಯೇ ಎದ್ದಿತು. ಅಷ್ಟು ದೊಡ್ಡದು ಎಲ್ಲರಿಂದ ಆಗದು. ಆದರೆ ಮೂರು ಊರುಗಳ ಸಂಘದವರು ಊರಿಗೆ ಒಂದರಂತೆ ಅಂಗನವಾಡಿ ಹಿಡಿದು ಒಂದು ವರ್ಷ ಬಿಡದೆ ನಡೆದುಕೊಂಡರೆ ಅದೂ ಸಣ್ಣ ಕೆಲಸವಲ್ಲ. ಮನಸ್ಸಿರುವವರು ತಮ್ಮ ಊರಿನ ಸಂಘದ ಮುಂದಿನ ಸಭೆಯಲ್ಲೇ ಈ ಮಾತು ಎತ್ತಿರಿ.