ಮದುವೆಯ ದಾಖಲೆ ಓದುವ ಮುನ್ನ



ನಾನು ಬಿ.ಎ. ಓದುವಾಗ ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ನಮಗೆ ಪಠ್ಯವಾಗಿತ್ತು. 1813ರಲ್ಲಿ ಪ್ರಕಟವಾದ ಆ ಕಾದಂಬರಿಯನ್ನು ನಿಮ್ಮಲ್ಲೂ ಹಲವರು ಓದಿರುತ್ತೀರಿ, ಇಲ್ಲವೇ ಅದರ ಚಿತ್ರವನ್ನಾದರೂ ನೋಡಿರುತ್ತೀರಿ. ಅದರಲ್ಲಿ ಓಡಿಹೋದ ಲಿಡಿಯಾಳಿಗೆ ಕೊನೆಗೂ ಲಂಡನ್ನಿನ ಸೇಂಟ್ ಕ್ಲೆಮೆಂಟ್ಸ್ ಚರ್ಚಿನಲ್ಲಿ ಮದುವೆ. ಆ ಚರ್ಚೇ ಏಕೆಂದರೆ, ವರ ವಿಕ್‌ಹ್ಯಾಮ್ ಬಾಡಿಗೆಗಿದ್ದ ಕೋಣೆ ಅದರ ವ್ಯಾಪ್ತಿಯಲ್ಲಿತ್ತು. ಆ ಬೆಳಿಗ್ಗೆ ಧಾರೆಯೆರೆದು ಕೊಡಬೇಕಾದ ಸೋದರಮಾವನನ್ನು ಯಾರೋ ಕೆಲಸಕ್ಕೆಂದು ಕರೆದಾಗ, ಹೊತ್ತು ಮೀರಿದರೆ ಇಡೀ ದಿನ ಮದುವೆಯೇ ಆಗದಲ್ಲ ಎಂದು ಅವಳಿಗೆ ಗಾಬರಿ. “ಇವರಿಗೂ ರಾಹುಕಾಲ ಉಂಟೇನೇ?” ಎಂದು ನಾವು ಹುಡುಗಿಯರು ಹಿಂದಿನ ಬೆಂಚಿನಲ್ಲಿ ನಕ್ಕಿದ್ದೆವು.

ಅದು ರಾಹುಕಾಲವಲ್ಲ, ನಿಯಮ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಂದಿನ ಇಂಗ್ಲೆಂಡಿನಲ್ಲಿ ಮದುವೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರೊಳಗೆ ನಡೆಯಬೇಕಿತ್ತು. 1886ರಲ್ಲಷ್ಟೇ ಅದನ್ನು 3 ಗಂಟೆಯವರೆಗೆ ವಿಸ್ತರಿಸಿದರು.

ಈ ಹಳೆಯ ಕಥೆ ನಮಗೇಕೆ ಎನ್ನಬೇಡಿ. ತಮ್ಮ ಮನೆತನದ ಮೂಲ ಹುಡುಕುವುದು ಇಂಗ್ಲಿಷರಲ್ಲಿ ಬಹುಮಂದಿಯ ಹವ್ಯಾಸ. ಓದಿಗೋ ಕೆಲಸಕ್ಕೋ ಅಲ್ಲಿಗೆ ಹೋದ ನಿಮಗೆ ಗೆಳೆಯರೊಬ್ಬರು ತಮ್ಮ ಮುತ್ತಜ್ಜಿಯ ಮದುವೆಯ ದಾಖಲೆ ತೋರಿಸಬಹುದು. ಅಂಥ ದಾಖಲೆಯಲ್ಲಿ ಮೊದಲು ಮಾತಾಡುವುದು ಅಂದಿನ ಕಾನೂನು. ಮುತ್ತಜ್ಜಿ ಮಾತಾಡುವುದು ಅದರ ನಂತರ. ಇದನ್ನು ಮರೆತರೆ ಸತ್ತವರ ಮೇಲೆ ಇಲ್ಲದ ಕಳಂಕ ಹೊರಿಸಿಬಿಡುತ್ತೇವೆ.

ಲಾರ್ಡ್ ಹಾರ್ಡ್‌ವಿಕ್‌ರ 1753ರ ಕಾಯ್ದೆ 1754ರ ಮಾರ್ಚ್ 25ರಿಂದ ಜಾರಿಗೆ ಬಂತು. ಗುಟ್ಟಿನ ಮದುವೆಗಳನ್ನು ನಿಲ್ಲಿಸುವುದು ಅದರ ಉದ್ದೇಶ. ವರ ಅಥವಾ ವಧು ವಾಸಿಸುವ ಪ್ಯಾರಿಷ್‌ನ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕು. ಅದಕ್ಕೆ ಮುಂಚೆ ಮೂರು ಭಾನುವಾರ ಪಾದ್ರಿ ಎಲ್ಲರೆದುರು ಹೆಸರು ಓದಿ, ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಸಾರಬೇಕು. ಇದಕ್ಕೆ ಬ್ಯಾನ್ಸ್ ಎಂದು ಹೆಸರು. ಹಾಗೆ ಸಾರುವುದು ಬೇಡವೆಂದವರು ಹಣ ಕೊಟ್ಟು ಲೈಸೆನ್ಸ್ ಪಡೆಯಬೇಕು. 21 ತುಂಬದವರ ಲೈಸೆನ್ಸಿಗೆ ತಂದೆಯ ಅಥವಾ ಪೋಷಕರ ಒಪ್ಪಿಗೆ ಬೇಕು. ವಧೂವರರು ಮತ್ತು ಇಬ್ಬರು ಸಾಕ್ಷಿಗಳು ರಿಜಿಸ್ಟರಿನಲ್ಲಿ ರುಜು ಹಾಕಬೇಕು. ಬರೆಯಲು ಬಾರದವರು ಗುಣಾಕಾರದ ಗುರುತು ಹಾಕುತ್ತಿದ್ದರು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಅನ್ವಯಿಸಲಿಲ್ಲ. ಅದಕ್ಕೇ ಪ್ರೇಮಿಗಳು ಗಡಿ ದಾಟಿ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದದ್ದು. ಲಿಡಿಯಾ ಹೊರಟದ್ದೂ ಅಲ್ಲಿಗೆಂದೇ.

ಇದರಿಂದ ವಿನಾಯಿತಿ ಇದ್ದದ್ದು ಯೆಹೂದಿಗಳಿಗೆ ಮತ್ತು ಕ್ವೇಕರ್ ಪಂಥದವರಿಗೆ ಮಾತ್ರ. ಕ್ಯಾಥೊಲಿಕರು, ಮೆಥೊಡಿಸ್ಟರು, ಬ್ಯಾಪ್ಟಿಸ್ಟರು ಎಲ್ಲರೂ ಕಾನೂನಿನ ಮಾನ್ಯತೆಗಾಗಿ ಆಂಗ್ಲಿಕನ್ ಚರ್ಚಿಗೇ ಹೋಗಬೇಕಾಯಿತು. ಆದ್ದರಿಂದ 1800ರ ಒಂದು ಚರ್ಚ್ ದಾಖಲೆ ನೋಡಿ “ಮುತ್ತಜ್ಜ ಪಂಥ ಬಿಟ್ಟಿದ್ದ” ಎಂದು ತೀರ್ಮಾನಿಸಿದರೆ ತಪ್ಪಾದೀತು. ಹಾಗೆಯೇ ಬ್ಯಾನ್ಸ್ ಓದಿದ ದಾಖಲೆ ಮದುವೆಗೆ ಸಾಕ್ಷಿಯಲ್ಲ. ಸಾರಿದ ಮೇಲೂ ಮುರಿದುಬಿದ್ದ ಸಂಬಂಧಗಳಿದ್ದವು.

1837ರ ಜುಲೈ 1ರಿಂದ ದಾರಿ ಅಗಲವಾಯಿತು. ರಿಜಿಸ್ಟ್ರಾರರ ಕಚೇರಿಯಲ್ಲಿ ಧಾರ್ಮಿಕ ವಿಧಿಯಿಲ್ಲದೆ ಮದುವೆಯಾಗಬಹುದಾಯಿತು. ಇತರ ಪಂಥದವರು ನೋಂದಾಯಿತವಾದ ತಮ್ಮ ಪ್ರಾರ್ಥನಾಮಂದಿರದಲ್ಲೇ, ರಿಜಿಸ್ಟ್ರಾರರ ಸಮಕ್ಷಮದಲ್ಲಿ ಮದುವೆಯಾಗಬಹುದಾಯಿತು. ಆದರೆ ಇದಕ್ಕೂ ಮುಂಚಿತವಾಗಿ ನೋಟೀಸು ಕೊಡಬೇಕು. ಮೊದಲ ವರ್ಷಗಳಲ್ಲಿ ಆ ನೋಟೀಸನ್ನು ಬಡವರ ಪರಿಹಾರ ನೋಡಿಕೊಳ್ಳುವ ಮಂಡಳಿಯ ಸಭೆಯಲ್ಲಿ ಓದುತ್ತಿದ್ದರು! ಮರ್ಯಾದಸ್ಥರು ಹಿಂಜರಿದದ್ದರಲ್ಲಿ ಆಶ್ಚರ್ಯವೇನು? 1856ರ ಕಾಯ್ದೆ ಆ ಪದ್ಧತಿಯನ್ನು ತೆಗೆದುಹಾಕಿತು.

‘ರಿಜಿಸ್ಟರ್ ಮದುವೆ’ ಎಂದೊಡನೆ ನಮ್ಮ ಹಿರಿಯರು ದನಿ ತಗ್ಗಿಸುವುದನ್ನು ನೀವೂ ಕೇಳಿದ್ದೀರಿ. ನಮ್ಮ ದೇಶದ 1954ರ ವಿಶೇಷ ವಿವಾಹ ಕಾಯ್ದೆಯಲ್ಲೂ 30 ದಿನಗಳ ನೋಟೀಸು ಉಂಟಲ್ಲವೇ? ಇಂಗ್ಲಿಷ್ ಮನೆಗಳಲ್ಲೂ ಇದೇ ಪಿಸುಮಾತು. ಆದರೆ ಕಚೇರಿಗೆ ಹೋದವರೆಲ್ಲ ಗುಟ್ಟಿನ ಮದುವೆಯವರಲ್ಲ. ಒಬ್ಬರು ಕ್ಯಾಥೊಲಿಕ್, ಇನ್ನೊಬ್ಬರು ಪ್ರೊಟೆಸ್ಟೆಂಟ್ ಆಗಿರಬಹುದು, ಒಬ್ಬರು ವಿಚ್ಛೇದಿತರಿರಬಹುದು, ಹೆಚ್ಚು ಖರ್ಚು ಬೇಡವೆಂದಿರಬಹುದು, ನಂಬಿಕೆಯೇ ಇಲ್ಲದಿರಬಹುದು.

ಇಬ್ಬರದೂ ಒಂದೇ ವಿಳಾಸವಿದ್ದರೆ? ಮದುವೆಗೆ ಮೊದಲೇ ಸಂಸಾರ ಹೂಡಿದ್ದರೆಂದು ಥಟ್ಟನೆ ಹೇಳಬೇಡಿ. ಬೇರೆ ಬೇರೆ ಪ್ಯಾರಿಷ್‌ನವರಾದರೆ ಬ್ಯಾನ್ಸ್ ಎರಡೂ ಕಡೆ ಓದಿಸಿ, ಎರಡೂ ಕಡೆ ಶುಲ್ಕ ತೆರಬೇಕಿತ್ತು. ಅದನ್ನು ಉಳಿಸಲು ಒಂದೇ ವಿಳಾಸ ಬರೆಸಿದವರುಂಟು. ‘ಫುಲ್ ಏಜ್’ ಎಂದಷ್ಟೇ ಬರೆದಿದ್ದರೆ 21 ಅಥವಾ ಅದಕ್ಕೆ ಮೇಲ್ಪಟ್ಟ ವಯಸ್ಸು ಎಂದರ್ಥ. 21 ಎಂದೇ ತಿಳಿದು ಹುಟ್ಟಿದ ವರ್ಷ ಲೆಕ್ಕ ಹಾಕಬೇಡಿ. ಮದುವೆ ಊರಿನಿಂದ ದೂರದಲ್ಲಿ ನಡೆದಿದ್ದರೆ ಇನ್ನೊಂದು ಕಾರಣವನ್ನೂ ನೆನೆಯಿರಿ. ಅಕ್ಕ ತೀರಿಕೊಂಡರೆ ತಂಗಿಯನ್ನು ಭಾವನಿಗೆ ಕೊಡುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿಯಾಗಿತ್ತು. ತಾಯಿಯಿಲ್ಲದ ಮಕ್ಕಳಿಗೆ ಚಿಕ್ಕಮ್ಮನೇ ತಾಯಿ. ಇಂಗ್ಲೆಂಡಿನಲ್ಲಿ 1835ರಿಂದ 1907ರವರೆಗೆ ಅಂಥ ಮದುವೆ ಅಸಿಂಧು. ಹಾಗಾಗಿ ಗುರುತಿಲ್ಲದ ಊರಿಗೆ ಹೋಗಿ ಮದುವೆಯಾದವರಿದ್ದರು.

ಹೆಣ್ಣುಮಕ್ಕಳಾದ ನೀವು ಇನ್ನೊಂದನ್ನು ಗಮನಿಸಬೇಕು. 1837ರಿಂದ ಮದುವೆ ಸರ್ಟಿಫಿಕೇಟಿನಲ್ಲಿ ವಧೂವರರ ತಂದೆಯ ಹೆಸರು, ಕಸುಬು ಇರುತ್ತಿತ್ತು. ತಾಯಿಗೆ ಅಂಕಣವೇ ಇರಲಿಲ್ಲ! ಅದು ಬಂದದ್ದು 2021ರ ಮೇ 4ರಂದು. ಮಗಳನ್ನು ಹೆತ್ತು ಸಾಕಿದ ತಾಯಿ ಅಲ್ಲೇ ನಿಂತು ಕಣ್ಣೊರೆಸಿಕೊಂಡಿರಬಹುದು, ಆದರೂ ದಾಖಲೆಯಲ್ಲಿ ಆಕೆ ಇಲ್ಲ. ಅವಳನ್ನು ಹುಡುಕುವವರು ಸಾಕ್ಷಿಗಳ ರುಜು ನೋಡಬೇಕು, ಮಗಳ ಜನನ ದಾಖಲೆ ತೆಗೆಸಬೇಕು.

ಕೊನೆಗೊಂದು ಮಾತು. ಊರಿಗೆ ಹೋದಾಗ ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲೂ ಹಳೆಯ ಲಗ್ನಪತ್ರಿಕೆಯೋ ಫೋಟೋವೋ ಸಿಕ್ಕೀತು. ಇವರೇಕೆ ಹೀಗೆ ಮಾಡಿದರು ಎಂದು ಕೇಳುವ ಮೊದಲು, ಅಂದು ಅವರಿಗೆ ಎಷ್ಟು ದಾರಿ ತೆರೆದಿತ್ತು ಎಂದು ಕೇಳಿ. ಇಂಗ್ಲಿಷರು ಸತ್ತವರ ವಿಚಾರವನ್ನು ರಿಜಿಸ್ಟರುಗಳಲ್ಲಿ ತಡಕಬೇಕು. ನಿಮ್ಮಲ್ಲಿ ಹಲವರಿಗೆ ಹೇಳಲು ಅಜ್ಜಿ ಇನ್ನೂ ಇದ್ದಾರೆ. ಈ ರಜೆಯಲ್ಲಿ ಹೋಗಿ ಅವರ ಪಕ್ಕ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ. ಅವರ ತಾಯಿಯ ಹೆಸರನ್ನು ಮೊದಲು ಬರೆಯಿರಿ.