ಕೆಳಗೆ ಮಳಿಗೆ, ಮೇಲೆ ವಿದ್ಯಾರ್ಥಿನಿವಾಸ

ಮುಂಬಯಿಯ ಹೋಟೆಲುಗಳಲ್ಲಿ ದುಡಿದ ನಮ್ಮವರಿಗೆ ‘ಕೆಳಗೆ ವ್ಯಾಪಾರ, ಮೇಲೆ ವಸತಿ’ ಎಂಬುದು ಹೊಸ ಮಾತಲ್ಲ. ಕೆಳಗಣ ಒಲೆಯ ಕಾವು ಮೇಲಣ ಚಾಪೆಯನ್ನು ಮುಟ್ಟುವುದನ್ನೂ, ನಸುಕಿನಲ್ಲಿ ತಿರುಗುವ ರುಬ್ಬುವ ಯಂತ್ರವು ನಿದ್ರೆಗೆಡಿಸುವುದನ್ನೂ ಬಲ್ಲವರು ನಮ್ಮಲ್ಲಿ ಅನೇಕರು. ಉಳಿತಾಯದ ಹಣದಿಂದ ಊರಿನ ಕಾಲೇಜುಗಳ ನೆರೆಯಲ್ಲಿ ವಿದ್ಯಾರ್ಥಿಗಳಿಗೆಂದು ಬಾಡಿಗೆಯ ಕಟ್ಟಡವನ್ನು ಕಟ್ಟಿಸಬಯಸುವವರು ಈ ಅನುಭವವನ್ನೇ ಮೊದಲ ಗುರುವೆಂದು ಭಾವಿಸತಕ್ಕದ್ದು.

ಮಣಿಪಾಲದ ನಿದರ್ಶನವನ್ನು ನೋಡಬಹುದು. ಉಡುಪಿಗೆ ಸುಮಾರು 5 ಕಿಲೋಮೀಟರ್ ದೂರದ ಈ ಮುರಕಲ್ಲಿನ ಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. 1993ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಮನ್ನಣೆ ದೊರೆಯಿತು. ಕಾಲೇಜು ಬೆಳೆದಂತೆ ಊರು ಬೆಳೆಯಿತು. ಇಂದು ದೇಶದ ನಾನಾ ಮೂಲೆಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿನ ಹಾಸ್ಟೆಲುಗಳಲ್ಲಿ ಮಾತ್ರವಲ್ಲದೆ ಖಾಸಗಿ ಫ್ಲ್ಯಾಟುಗಳಲ್ಲಿಯೂ ವಾಸಿಸುತ್ತಾರೆ.

ಕಟ್ಟಿಸುವವನಿಗೆ ಒದಗುವ ಮೊದಲ ಪ್ರಲೋಭನೆಯೆಂದರೆ ಕೋಣೆಗಳನ್ನು ಕಿರಿದುಗೊಳಿಸಿ ಮಂಚಗಳನ್ನು ಹೆಚ್ಚಿಸುವುದು. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹಾಸ್ಟೆಲಿನಲ್ಲಿ ಒಬ್ಬನೇ ಇರುವ ಕೋಣೆಗೂ ಕನಿಷ್ಠ 7.5 ಚದರ ಮೀಟರ್, ಎಂದರೆ ಸುಮಾರು 80 ಚದರ ಅಡಿ, ಇರಬೇಕೆನ್ನುತ್ತದೆ. ಮಂಚವೊಂದು, ಮೇಜೊಂದು, ಪುಸ್ತಕದ ಕಪಾಟೊಂದು ಹಿಡಿಯಲು ಇದಕ್ಕಿಂತ ಕಡಮೆ ಸಾಲದು.

ಎರಡನೆಯದು ನೀರು. ಹಾಸ್ಟೆಲಿನ ನಿವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರ್ ಎಂಬುದು ಸಂಹಿತೆಯ ಲೆಕ್ಕ. ಈ ಪ್ರಕಾರ 40 ಮಂದಿಗೆ ನಿತ್ಯವೂ 5,400 ಲೀಟರ್ ಬೇಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ನೀರಿನ ಚಿಂತೆಯೇ ಎಂದು ಯಾರೂ ನಗಬೇಕಾಗಿಲ್ಲ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು ಬತ್ತುತ್ತ ಬಂದಾಗ ಉಡುಪಿ, ಮಣಿಪಾಲಗಳ ಜನರು ನೀರಿಗಾಗಿ ಪರದಾಡಬೇಕಾಯಿತು. ಆದುದರಿಂದ ಮಾಳಿಗೆಯ ಮಳೆನೀರನ್ನು ತೊಟ್ಟಿಗೂ ಬಾವಿಗೂ ಇಳಿಸುವ ಏರ್ಪಾಡು ನಕ್ಷೆಯಲ್ಲಿಯೇ ಇರಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಮಾಡಿನಡಿಯ ಜಾಗವನ್ನೂ, ಕೋಣೆಯ ತೇವ ಹಾರಲು ಎದುರುಬದುರು ಕಿಟಕಿಗಳನ್ನೂ ಮರೆಯಲಾಗದು.

ಇನ್ನು ಕೆಳಗಣ ಮಳಿಗೆಗಳು. ಔಷಧದಂಗಡಿ, ಪುಸ್ತಕದಂಗಡಿ, ಲಾಂಡ್ರಿಗಳಿಂದ ಮೇಲಿನವರಿಗೆ ತೊಂದರೆ ಕಡಮೆ. ಉಪಾಹಾರಗೃಹದ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಅಗತ್ಯ. ಅಡುಗೆಮನೆಯ ಹೊಗೆಗೊಳವೆ ಮಾಳಿಗೆಗಿಂತ ಮೇಲಕ್ಕೆ ಏರಬೇಕು. ರುಬ್ಬುವ ಯಂತ್ರವು ನೆಲದ ಮೇಲೆಯೇ, ಕಂಬ ಗೋಡೆಗಳಿಗೆ ತಗಲದಂತೆ, ದಪ್ಪ ರಬ್ಬರಿನ ಹಾಸಿನ ಮೇಲೆ ನಿಲ್ಲಬೇಕು. ಜಿಡ್ಡುನೀರು ಚರಂಡಿಗೆ ಸೇರುವ ಮುನ್ನ ಜಿಡ್ಡನ್ನು ತಡೆಯುವ ಗುಂಡಿಯೊಂದಿರಬೇಕು. ಗ್ಯಾಸ್ ಸಿಲಿಂಡರುಗಳನ್ನು ಮೆಟ್ಟಿಲಿನ ಕೆಳಗೆ ಇಡುವುದಂತೂ ಸರ್ವಥಾ ಸಲ್ಲದು. ಬೆಂಕಿ ಬಿದ್ದರೆ ಮೇಲಿನವರು ಇಳಿದು ಪಾರಾಗುವ ದಾರಿಯೇ ಅದಲ್ಲವೆ? ವಿದ್ಯಾರ್ಥಿಗಳ ಬಾಗಿಲು ಮಳಿಗೆಗಳಿಂದ ಬೇರೆಯಾಗಿಯೂ, ಬೀದಿಗೆ ಎದುರಾಗಿ ದೀಪದ ಬೆಳಕಿನಲ್ಲಿಯೂ ಇದ್ದರೆ ರಾತ್ರಿ ತಡವಾಗಿ ಮರಳುವ ಹೆಣ್ಣುಮಕ್ಕಳಿಗೆ ಧೈರ್ಯ. ಅಂಗಡಿಯವರ ಕಣ್ಗಾವಲು ಬೇರೆ.

ವ್ಯವಹಾರದ ಮಾತೊಂದಿದೆ. ರಜೆ ಬಂದರೆ ಕೋಣೆಗಳು ಬರಿದಾಗುತ್ತವೆ. ವಿದ್ಯಾರ್ಥಿಗಳನ್ನೇ ನೆಚ್ಚಿದ ಅಂಗಡಿಯ ವ್ಯಾಪಾರವೂ ಆಗಲೇ ಕುಸಿಯುತ್ತದೆ. ನೆರೆಕೆರೆಯ ಸಂಸಾರಿಗರಿಗೂ ಬೇಕಾದ ಅಂಗಡಿಗಳಿದ್ದರೆ ಮಾತ್ರ ಮಳಿಗೆಯ ಬಾಡಿಗೆ ಹನ್ನೆರಡು ತಿಂಗಳೂ ಕೈಸೇರೀತು.

ಲೋಟ ತೊಳೆದು, ಗಲ್ಲಾದಲ್ಲಿ ಕುಳಿತು, ಕಚೇರಿಯ ಕಡತಗಳನ್ನು ಬರೆದು ಕೂಡಿಸಿದ ಹಣವಿದು. ಅದಕ್ಕೆ ತಕ್ಕ ಬಾಡಿಗೆಯನ್ನು ಬಯಸುವುದು ನ್ಯಾಯವೇ. ಆದರೆ ಹಗಲೆಲ್ಲ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರಿಗೆ ನಿಶ್ಶಬ್ದವಾದ ಒಂದು ಮೂಲೆಯ, ನೆಟ್ಟಗಿನ ಒಂದು ದೀಪದ ಬೆಲೆ ಎಷ್ಟೆಂಬುದು ತಿಳಿದಿತ್ತು. ನಕ್ಷೆಯು ಕಾಗದದ ಮೇಲಿರುವಾಗಲೇ ಇಂಜಿನಿಯರರ ಬಳಿ ಕುಳಿತು ಅದನ್ನು ಕೇಳಿ ಪಡೆಯಬೇಕು. ಗೋಡೆ ಎದ್ದ ಮೇಲೆ ತಿದ್ದುಪಡಿಗೆ ತಗಲುವ ವೆಚ್ಚವನ್ನು ತೆರುವವನು ಮಾಲಿಕ. ತಿದ್ದದೆ ಬಿಟ್ಟರೆ, ತೆರುವವನು ಮೇಲಿನ ಕೋಣೆಯಲ್ಲಿ ಓದುವ ಹುಡುಗ.